ಇಳಿಯುವುದು ಅರಬೈಲ್, ಏರುವುದು ಅಣಶಿ: ಹುಬ್ಬಳ್ಳಿ-ಧಾರವಾಡದಿಂದ ಕರಾವಳಿ ಕಾಡಿಗೆ ಕ್ಯಾರವಾನ್ ಪ್ರವಾಸದ ತಯಾರಿ

ಹುಬ್ಬಳ್ಳಿಯಿಂದ ಅಂಕೋಲಾ ಸುಮಾರು 135 ಕಿ.ಮೀ. ನಸುಕಿನಲ್ಲಿ ಹೊರಟ ಕಾರು ತಿಂಡಿಯ ಹೊತ್ತಿಗೆಲ್ಲ ಕಡಲು ಮುಟ್ಟುತ್ತದೆ. ಕ್ಯಾರವಾನಿನ ಲೆಕ್ಕ ಬೇರೆ. ಅದು ಮೂರರಿಂದ ನಾಲ್ಕೂವರೆ ಟನ್ ತೂಗುವ, ಮನೆಯಂತೆ ಮಾಡಿಕೊಂಡ ಗಾಡಿ. ಒಳಗೆ ನೀರು, ಗ್ಯಾಸು, ಬ್ಯಾಟರಿ, ಪಾತ್ರೆ ಎಲ್ಲ ಇರುತ್ತವೆ. ಹೊರಡುವುದು ಸುಮಾರು 650 ಮೀಟರ್ ಎತ್ತರದ ಒಣ ಬಯಲಿನಿಂದ, ಇಳಿಯುವುದು ಉಪ್ಪುಗಾಳಿಯ ಸಮುದ್ರಮಟ್ಟಕ್ಕೆ. ಈ ಕಡೆಯ ಹವೆಗೆ ಸರಿಯಾಗಿದ್ದದ್ದು ಆ ಕಡೆ ಕೆಡುತ್ತದೆ. ಅದಕ್ಕೇ ಪ್ರವಾಸದ ಯೋಜನೆಯನ್ನು ನೋಡುವ ಜಾಗಗಳಿಂದ ಶುರು ಮಾಡಬೇಡಿ. ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮೊದಲು ಗೊತ್ತು ಮಾಡಿ. ಅದು ಖಾತ್ರಿಯಾದರೆ ಉಳಿದದ್ದು ಹೊಂದಿಕೊಳ್ಳುತ್ತದೆ. ಕಾಡು, ಅಳಿವೆ (ನದಿ ಕಡಲು ಸೇರುವ ಜಾಗ), ಮರಳದಂಡೆ ಮೂರನ್ನೂ ಕಾಲ್ನಡಿಗೆಯಲ್ಲಿ, ದೋಣಿಯಲ್ಲಿ, ಅರಣ್ಯ ಇಲಾಖೆಯ ಜೀಪಿನಲ್ಲಿ ನೋಡಬೇಕು. ಕ್ಯಾರವಾನ್ ಇರುವುದು ಮಲಗಲಿಕ್ಕೆ, ಉಣ್ಣಲಿಕ್ಕೆ.

ದಾರಿ

ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಇದು ರಾಷ್ಟ್ರೀಯ ಹೆದ್ದಾರಿ 52. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಹುಬ್ಬಳ್ಳಿ ಕಡೆಯ ಬೇಡ್ತಿಯನ್ನು ಕಲಘಟಗಿ ಸೀಮೆಯಲ್ಲಿ ಕೂಡಿಕೊಂಡು, ಮಾಗೋಡಿನಲ್ಲಿ ಜಲಪಾತವಾಗಿ ಬಿದ್ದು, ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲಾ ತಾಲೂಕಿನ ಮಂಜಗುಣಿಯ ಹತ್ತಿರ ಕಡಲಿಗೆ ಸೇರುತ್ತದೆ. ನಿಮ್ಮ ದಾರಿಯೂ ಹೆಚ್ಚುಕಡಿಮೆ ಅದೇ. ಮನೆಯ ಹಿಂದಿನ ಹಳ್ಳ ಕಡಲು ಸೇರುವ ಜಾಗವನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಅಂಕೋಲಾದಿಂದ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ತಿರುಗಿ ಗೋಕರ್ಣ, ಕುಮಟಾ, ಹೊನ್ನಾವರ ಮುಗಿಸಿ, ಅದೇ ಹೆದ್ದಾರಿಯಲ್ಲಿ ಕಾರವಾರಕ್ಕೆ ಬನ್ನಿ. ಅಲ್ಲಿಂದ ಕದ್ರಾ, ಅಣಶಿ, ಜೋಯಿಡಾ, ದಾಂಡೇಲಿ, ಹಳಿಯಾಳದ ಮೇಲೆ ಧಾರವಾಡ. ಒಟ್ಟು 450ರಿಂದ 500 ಕಿ.ಮೀ. ಐದು ರಾತ್ರಿ ಇಟ್ಟುಕೊಂಡರೆ ಆರಾಮ, ಮೂರು ರಾತ್ರಿಯಲ್ಲಿ ಓಡಾಟವೇ ಹೆಚ್ಚಾಗುತ್ತದೆ. ಈ ಸುತ್ತನ್ನು ತಿರುವುಮುರುವು ಮಾಡಬೇಡಿ. ಅರಬೈಲ್ ಅಗಲವಾದ ಲಾರಿ ರಸ್ತೆ, ಭಾರದ ಗಾಡಿ ಇಳಿಸಲು ಅದೇ ಮೇಲು. ಅಣಶಿ ಘಟ್ಟ ಕಿರಿದು, ತಿರುವು ಬಿಗಿ; ಅಂಥ ದಾರಿಯನ್ನು ಏರುವುದು ಇಳಿಯುವುದಕ್ಕಿಂತ ಸುರಕ್ಷಿತ, ಏಕೆಂದರೆ ಏರುವಾಗ ಬ್ರೇಕಿನ ಮೇಲೆ ಭಾರ ಬೀಳುವುದಿಲ್ಲ.

ಗದಗಿನವರು ಹುಬ್ಬಳ್ಳಿಯ ಮೇಲೆ ಬರುವುದೇ ಸರಳ. ಹಾವೇರಿಯವರಿಗೆ ಹಾನಗಲ್, ಶಿರಸಿ, ದೇವಿಮನೆ ಘಟ್ಟದ ಮೇಲೆ ಕುಮಟಾಕ್ಕೆ ನೇರ ದಾರಿಯಿದೆ. ಮಳೆ ಮತ್ತು ಕಾಮಗಾರಿಗಾಗಿ ಆ ಘಟ್ಟ ಆಗಾಗ ಮುಚ್ಚಿರುತ್ತದೆ, ಹೊರಡುವ ಹಿಂದಿನ ದಿನ ಶಿರಸಿಯವರನ್ನು ಯಾರನ್ನಾದರೂ ಕೇಳಿ.

ಕಾಲ: ನವೆಂಬರಿನಿಂದ ಫೆಬ್ರುವರಿ. ಮಾರ್ಚ್ ದಾಟಿದರೆ ಗಾಡಿಯೊಳಗೆ ಬೆವರು ಆರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕ್ಯಾರವಾನ್ ಇಳಿಸಲೇಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು, ರಸ್ತೆ ಬದಿಯ ಅಂಗಡಿಯೂ ನಿಂತಿದ್ದ ಗಾಡಿಗಳೂ ಗಂಗಾವಳಿಗೆ ಹೋದವು, ಜನ ಸತ್ತರು. ರಸ್ತೆ ಅಗಲ ಮಾಡಲು ಕಡಿದ ಗುಡ್ಡದ ಬುಡ ಮಳೆಗಾಲದಲ್ಲಿ ಚಹಾಕ್ಕೂ ನಿಲ್ಲುವ ಜಾಗವಲ್ಲ.

ಗಾಡಿ ಮತ್ತು ಕಾಗದ

ಬಾಡಿಗೆಗೆ ತರುವುದಾದರೆ ಚಾಲಕನ ಸಮೇತ ಬರುವ ಗಾಡಿಗೆ ಹಳದಿ ಬೋರ್ಡು, ನೀವೇ ಓಡಿಸುವುದಕ್ಕೆ ಕಪ್ಪು ಬೋರ್ಡಿನ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಹಿಡಿದರೆ ಅಪಘಾತವಾದಾಗ ವಿಮೆ ಕೈಕೊಡುತ್ತದೆ. 7,500 ಕೆ.ಜಿ. ಒಳಗಿನ ಗಾಡಿಗೆ ಲಘು ವಾಹನದ ಲೈಸೆನ್ಸು ಸಾಕು. ಹಳೆಯ ಟೆಂಪೊ ಟ್ರಾವೆಲರನ್ನು ನೀವೇ ಕ್ಯಾರವಾನ್ ಮಾಡಿಸುವುದಾದರೆ ಗ್ಯಾರೇಜಿಗಿಂತ ಮೊದಲು ಆರ್‌ಟಿಒ ಕಚೇರಿಗೆ ಹೋಗಿ. ಬದಲಾವಣೆ ಆರ್‌.ಸಿ.ಯಲ್ಲಿ ದಾಖಲಾಗದಿದ್ದರೆ ಒಳಗೆ ಹಾಕಿದ ಮಂಚ, ಗ್ಯಾಸು ಎಲ್ಲ ಅಕ್ರಮವೇ.

ಗಾಡಿಯ ಎತ್ತರವನ್ನು ಮೇಲಿನ ಎಸಿ ಸೇರಿಸಿ ಟೇಪು ಹಿಡಿದು ಅಳೆಯಿರಿ. ಅದಕ್ಕೆ 20 ಸೆಂ.ಮೀ. ಕೂಡಿಸಿ, ಚಾಲಕನ ಮುಂದೆ ದೊಡ್ಡದಾಗಿ ಬರೆದು ಅಂಟಿಸಿ. ರೈಲ್ವೆ ಕೆಳಸೇತುವೆಯ ಕಬ್ಬಿಣದ ಕಮಾನು, ಕರಾವಳಿಯ ಕೇರಿಗಳಲ್ಲಿ ತೋಟದಿಂದ ತೋಟಕ್ಕೆ ಎಳೆದ ತಂತಿ, ಬಾಗಿದ ಮಾವಿನ ಕೊಂಬೆ, ಮೂರಕ್ಕೂ ಮೊದಲು ತಾಗುವುದು ಎಸಿ ಡಬ್ಬಿ.

ಕಾಟಾಕ್ಕೆ ಹಾಕಿ

ಎಲ್ಲ ತುಂಬಿದ ಮೇಲೆ, ಜನರನ್ನೂ ಕೂರಿಸಿಕೊಂಡು ಗಾಡಿಯನ್ನು ಒಮ್ಮೆ ಕಾಟಾಕ್ಕೆ ಹಾಕಿಸಿ. ಅಮರಗೋಳ ಎಪಿಎಂಸಿ ಕಡೆ ಕಾಳು ತೂಗುವ ಲಾರಿ ಕಾಟಾಗಳಿಗೆ ಬರವಿಲ್ಲ. ಬಂದ ಅಂಕಿ ಆರ್‌.ಸಿ.ಯಲ್ಲಿ ಬರೆದ ಒಟ್ಟು ತೂಕಕ್ಕಿಂತ ಕಡಿಮೆ ಇರಬೇಕು. ನಾಲ್ಕು ಜನರ ಲೆಕ್ಕ ಹೀಗೆ ಬರುತ್ತದೆ: ಜನ 260 ಕೆ.ಜಿ., ನೀರು 120, ಬ್ಯಾಟರಿ 45, ಬಟ್ಟೆಬರೆ 60, ದಿನಸಿ 40, ಸಣ್ಣ ಸಿಲಿಂಡರ್ 10. ಕೂಡಿದರೆ 535. ಮೇಲಿನ ಕ್ಯಾರಿಯರಿನಲ್ಲಿ ಕುರ್ಚಿ, ಟೇಬಲ್, ಸೈಕಲ್ ಹೇರಿದರೆ ತೂಕದ ಜತೆ ಗಾಡಿಯ ಓಲಾಟವೂ ಹೆಚ್ಚುತ್ತದೆ. ಭಾರದ ಸಾಮಾನು ನೆಲದ ಮೇಲೆ, ಎರಡು ಅಚ್ಚುಗಳ ನಡುವೆ ಇರಲಿ. ಹಿಂದಿನ ಅಚ್ಚಿನ ಆಚೆ ಭಾರ ಬಿದ್ದರೆ ಮುಂದಿನ ಗಾಲಿ ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ.

ಟಯರು ಐದು ವರ್ಷ ದಾಟಿದ್ದರೆ ಗೆರೆ ಚೆನ್ನಾಗಿ ಕಂಡರೂ ಬದಲಿಸಿ. ನಿಂತೇ ಇರುವ ಗಾಡಿಯ ರಬ್ಬರು ಓಡುವ ಗಾಡಿಯದಕ್ಕಿಂತ ಬೇಗ ಬಿರಿಯುತ್ತದೆ. ಗಾಳಿಯನ್ನು ತಣ್ಣಗಿದ್ದಾಗಲೇ ನೋಡಿ. ಹಿಂದೆ ಜೋಡಿ ಗಾಲಿ ಇದ್ದರೆ ಎರಡರ ನಡುವೆ ಕಲ್ಲು ಸಿಕ್ಕಿದೆಯೇ ಎಂದು ಪ್ರತಿ ನಿಲುಗಡೆಯಲ್ಲೂ ಬಗ್ಗಿ ನೋಡಬೇಕು. ಹಾಗೇ ಓಡಿದರೆ ಎರಡೂ ಟಯರಿನ ಪಕ್ಕೆ ಹರಿಯುತ್ತದೆ.

ನೀರು, ಕರೆಂಟು, ಗ್ಯಾಸು

ತಲೆಗೆ ದಿನಕ್ಕೆ 15 ಲೀಟರ್ ಇಟ್ಟುಕೊಳ್ಳಿ: ಕುಡಿಯಲು, ಅಡಿಗೆಗೆ, ಪಾತ್ರೆಗೆ, ಮುಖ ತೊಳೆಯಲಿಕ್ಕೆ. ನಾಲ್ಕು ಜನಕ್ಕೆ 60 ಲೀಟರ್, 120ರ ಟ್ಯಾಂಕು ಎರಡು ದಿನ. ಸ್ನಾನವನ್ನು ತಂಗುವ ಜಾಗದ ಬಚ್ಚಲಲ್ಲೇ ಮುಗಿಸಿ. ವಾರಗಟ್ಟಲೆ ನಳದ ಹಾದಿ ಕಾದು ರೂಢಿಯಿರುವ ಹುಬ್ಬಳ್ಳಿಯವರಿಗೆ ಈ ಜತನ ಹೊಸದೇನಲ್ಲ. ಹೊರಡುವ ಎರಡು ದಿನ ಮೊದಲು ಟ್ಯಾಂಕು ಶುದ್ಧ ಮಾಡಿ: 100 ಲೀಟರ್ ನೀರಿಗೆ ವಾಸನೆ ಬೆರೆಸದ ಶೇ 5ರ ಬ್ಲೀಚು 100 ಮಿ.ಲೀ. ಹಾಕಿ, ಎಲ್ಲ ನಳಗಳಲ್ಲೂ ವಾಸನೆ ಬರುವ ತನಕ ಹರಿಸಿ, ನಾಲ್ಕು ತಾಸು ಬಿಟ್ಟು ಖಾಲಿ ಮಾಡಿ, ಎರಡು ಸಲ ತೊಳೆಯಿರಿ. ಕುಡಿಯುವ ನೀರು ಬೇರೆ 20 ಲೀಟರ್ ಕ್ಯಾನಿನಲ್ಲೇ ಇರಲಿ. ಅಳಿವೆಯ ಬದಿಯ ಬಾವಿಗಳಲ್ಲಿ ಬೇಸಿಗೆ ಬಂದಂತೆ ಉಪ್ಪು ಏರುತ್ತದೆ. ಟ್ಯಾಂಕಿಗೆ ತುಂಬುವ ಮುಂಚೆ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ.

ಕರೆಂಟಿನ ಲೆಕ್ಕದಲ್ಲಿ ಹೆಚ್ಚಿನವರು ಎಡವುತ್ತಾರೆ. 12 ವೋಲ್ಟಿನ 150 ಆಂಪಿಯರ್-ಅವರ್ ಸೀಸದ ಬ್ಯಾಟರಿಯಲ್ಲಿ ಒಟ್ಟು 1,800 ವ್ಯಾಟ್-ಅವರ್ ಇದ್ದರೂ ಅರ್ಧಕ್ಕಿಂತ ಹೆಚ್ಚು ತೆಗೆದರೆ ಬ್ಯಾಟರಿ ಬೇಗ ಸಾಯುತ್ತದೆ. ಕೈಗೆ ಸಿಗುವುದು 900. ಸಣ್ಣ ಕಂಪ್ರೆಸರ್ ಫ್ರಿಜ್ 45 ವ್ಯಾಟು, ದಿನದ ಅರ್ಧ ಹೊತ್ತು ಓಡುತ್ತದೆ: 540. 18 ವ್ಯಾಟಿನ ಎರಡು ಫ್ಯಾನು ಒಂಬತ್ತು ತಾಸು: 324. ದೀಪ 40, ನಾಲ್ಕು ಮೊಬೈಲು 60. ಒಟ್ಟು 964. ಅಂದರೆ ಒಂದು ದಿನಕ್ಕೂ ಕೊಂಚ ಕಡಿಮೆ. ಮರುದಿನ ಗಾಡಿ ಎರಡು ತಾಸು ಓಡಿ 30 ಆಂಪಿಯರಿನ ಚಾರ್ಜರ್ ಬ್ಯಾಟರಿ ತುಂಬಿದರೆ ಸುಮಾರು 700 ಮರಳಿ ಬರುತ್ತದೆ. ಮೇಲೆ ಸೌರಫಲಕವಿದ್ದರೂ ಮರದ ನೆರಳಲ್ಲಿ ನಿಲ್ಲಿಸಿದ ದಿನ ಅದನ್ನು ನಂಬಬೇಡಿ.

ಎಸಿಯನ್ನು ಈ ಬ್ಯಾಟರಿಯ ಮೇಲೆ ಓಡಿಸಲಾಗದು. ಹೋಂಸ್ಟೇಯ 16 ಆಂಪಿಯರ್ ಸಾಕೆಟ್ಟಿನಿಂದ ಎಳೆಯಬೇಕು. 2.5 ಚದರ ಮಿ.ಮೀ. ತಾಮ್ರದ ಮೂರು ತಂತಿಯ ಕೇಬಲ್ 25 ಮೀಟರ್ ಒಯ್ಯಿರಿ, ಬಳಸುವಾಗ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ ಕೇಬಲ್ಲಿನಲ್ಲಿ ಶಾಖ ಹೊರಗೆ ಹೋಗದೆ ಕವಚ ಕರಗುತ್ತದೆ. ಎಸಿ ಮತ್ತು ಇಂಡಕ್ಷನ್ ಒಲೆ ಕೂಡಿ ಹಚ್ಚಿದರೆ ಆ ಮನೆಯ ಫ್ಯೂಸೇ ಹೋಗುತ್ತದೆ. ಗಾಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ತಾನಾಗಿ ಕಡಿಯುವ ಸ್ವಿಚ್ಚು, ಇರಲೇಬೇಕು. ಉಪ್ಪು ತೇವ ಕುಳಿತ ಪ್ಲಗ್ಗಿನಲ್ಲಿ ಸೋರುವ ಕರೆಂಟು ಗಾಡಿಯ ಮೈಗೆ ಬರುತ್ತದೆ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಬಾಗಿಲು ಮುಟ್ಟಿದವರಿಗೆ ಹೊಡೆಯುತ್ತದೆ.

ಅಡಿಗೆಗೆ 5 ಕೆ.ಜಿ. ಸಿಲಿಂಡರ್ ಸಾಕು. ನೆಟ್ಟಗೆ ನಿಲ್ಲಿಸಿ ಪಟ್ಟಿಯಿಂದ ಬಿಗಿಯಿರಿ. ಅಡಿಗೆ ಅನಿಲ ಗಾಳಿಗಿಂತ ಭಾರ, ಸೋರಿದ್ದು ನೆಲದಲ್ಲೇ ನಿಲ್ಲುತ್ತದೆ. ಹಾಗಾಗಿ ಗಾಳಿಕಿಂಡಿ ಸಿಲಿಂಡರಿನ ಗೂಡಿನ ತಳದಲ್ಲಿರಬೇಕು, ಮೇಲೆ ಇದ್ದರೆ ಉಪಯೋಗವಿಲ್ಲ. ಗಾಡಿ ಹೊರಡುವ ಮುನ್ನ ವಾಲ್ವು ಬಂದ್. ಘಟ್ಟ ಇಳಿದ ಮೇಲೆ ಕೀಲುಗಳಿಗೆ ಸಾಬೂನು ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ, ಅಷ್ಟು ತಿರುವುಗಳಲ್ಲಿ ಅಲುಗಾಡಿ ನಟ್ಟು ಸಡಿಲವಾಗಿರುತ್ತದೆ. ಇದ್ದಿಲಿನ ಒಲೆಯನ್ನು ಗಾಡಿಯೊಳಗೆ, ಆರಿತು ಎಂದುಕೊಂಡು ಕೂಡ, ತರಬೇಡಿ. ಮುಚ್ಚಿದ ಗಾಡಿಯಲ್ಲಿ ಅದರ ವಿಷಾನಿಲಕ್ಕೆ ವಾಸನೆಯೇ ಇಲ್ಲ.

ಬುತ್ತಿಯ ವಿಷಯದಲ್ಲಿ ಒಂದು ಮಾತು. ಖಡಕ್ ರೊಟ್ಟಿ ನಮ್ಮ ಕಡೆ ವಾರಗಟ್ಟಲೆ ಇರುತ್ತದೆ, ಕಡಲದಂಡೆಯಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟರೆ ಒಂದೇ ರಾತ್ರಿಗೆ ಮೆತ್ತಗಾಗಿ ಮೂರನೆಯ ದಿನ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿ ಬೇಕು, ಶೇಂಗಾ ಹಿಂಡಿಗೂ ಹಾಗೇ.

ಘಟ್ಟ ಇಳಿಯುವಾಗ

ಹುಬ್ಬಳ್ಳಿಯಿಂದ ಬೆಳಗ್ಗೆ ಆರಕ್ಕೆ ಬಿಟ್ಟರೆ ಯಲ್ಲಾಪುರದಲ್ಲಿ ತಿಂಡಿ ಆಗುತ್ತದೆ. ಅಷ್ಟರಲ್ಲಿ ಮಂಜೂ ಕರಗುತ್ತದೆ, ರಾತ್ರಿಯ ಲಾರಿಗಳ ಸಾಲೂ ತೆಳುವಾಗುತ್ತದೆ. ಘಟ್ಟ ಶುರುವಾಗುವ ಮೊದಲೇ ಎರಡನೇ ಅಥವಾ ಮೂರನೇ ಗೇರಿಗೆ ಇಳಿಸಿ, ಎಂಜಿನ್ನೇ ಗಾಡಿಯನ್ನು ತಡೆಯಲಿ. ಬ್ರೇಕನ್ನು ಗಟ್ಟಿಯಾಗಿ ಒತ್ತಿ, ವೇಗ ತಗ್ಗಿಸಿ, ಪೂರ್ತಿ ಬಿಡಿ. ಸಣ್ಣಗೆ ಒತ್ತಿ ಹಿಡಿದುಕೊಂಡೇ ಇಳಿದರೆ ಡ್ರಮ್ಮು ಕಾಯುತ್ತದೆ, ಬ್ರೇಕ್ ಆಯಿಲ್ ಕುದಿಯುತ್ತದೆ, ಪೆಡಲು ಒಮ್ಮೆಲೇ ಮೆತ್ತಗಾಗುತ್ತದೆ. ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಹಳತಾದಷ್ಟೂ ಬೇಗ ಕುದಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆನ್ನುವುದು ಇದಕ್ಕೇ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು ಅರ್ಧ ತಾಸು ಬಿಡಿ. ನೀರು ಸುರಿಯಬೇಡಿ, ಕಾದ ಡ್ರಮ್ಮು ಬಿರಿಯುತ್ತದೆ. ಹಿಂದೆ ಸಾಲು ಬೆಳೆದರೆ ಬದಿಗೆ ಸರಿದು ದಾರಿ ಬಿಡಿ.

ರಾತ್ರಿ ನಿಲ್ಲಿಸುವ ಜಾಗ

ಹೋಂಸ್ಟೇ, ರೆಸಾರ್ಟು, ದೊಡ್ಡ ಅಂಗಳವಿರುವ ಮನೆ: ಇವೇ ನಿಮ್ಮ ನೆಲೆ. ಫೋನಿನಲ್ಲಿ ಕೇಳುವಾಗ ಗಾಡಿಯ ಉದ್ದ, ಎತ್ತರ, ತೂಕ ಹೇಳಿ. ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಗೇಟಿನ ಅಗಲ ಎಷ್ಟು? ನೆಲ ಚಿರೇಕಲ್ಲಿನದೋ ಮರಳೋ? ಸಾಕೆಟ್ಟಿಗೆ ಅರ್ಥಿಂಗ್ ಇದೆಯೇ? ಬಚ್ಚಲು-ಶೌಚಾಲಯ ಬಳಸಬಹುದೇ? ಕೋಣೆ ಹಿಡಿಯದಿದ್ದರೂ ತಕ್ಕ ದುಡ್ಡು ಕೊಡಿ. ಹೆದ್ದಾರಿ ಬದಿ, ಸೇತುವೆಯ ಪಕ್ಕ, ಮೀನು ಇಳಿಸುವ ಧಕ್ಕೆ, ಅರಣ್ಯದ ಗಡಿ, ಇವು ಯಾವುವೂ ಮಲಗುವ ಜಾಗವಲ್ಲ. ದಾರಿಯಲ್ಲಿ ಕತ್ತಲಾದರೆ ದೊಡ್ಡ ಪೆಟ್ರೋಲ್ ಬಂಕಿನಲ್ಲಿ ಕೇಳಿ ನಿಲ್ಲಿಸಿ.

ಹಗಲಿದ್ದಾಗಲೇ ತಲುಪಿ, ಮೊದಲು ಇಳಿದು ನಡೆದು ನೋಡಿ. ತೆಂಗಿನ ಮರದ ಕೆಳಗೆ ಗಾಡಿ ನಿಲ್ಲಿಸಲೇಬೇಡಿ. ಒಣ ಹೆಡೆ ಬಿದ್ದರೆ ಗಾಜು, ಕಾಯಿ ಬಿದ್ದರೆ ಮೇಲಿನ ಎಸಿ, ಹೊರಗೆ ಕುರ್ಚಿ ಹಾಕಿ ಕುಳಿತವರ ತಲೆ. ದಂಡೆಯ ಗಾಳಿಮರಗಳ ಕೊಂಬೆಯೂ ಮುರಿಯುವಂಥದೇ. ಚಿರೇಕಲ್ಲಿನ ಕೆಂಪು ಗಟ್ಟಿ ನೆಲ ಉತ್ತಮ. ಹಸಿರು ಹುಲ್ಲು ಹಾಸಿದ ಗದ್ದೆ ಮೇಲೆ ಒಣಗಿ ಕಂಡರೂ ಒಳಗೆ ಹಸಿ ಇರುತ್ತದೆ, ಇಬ್ಬನಿಗೆ ಗಾಲಿ ಹೂಳುತ್ತದೆ. ಅಳಿವೆ ಬದಿಯ ಗಜನಿ ಭೂಮಿಯಂತೂ ನಮ್ಮ ಎರಿ ಹೊಲ ಮಳೆಯಲ್ಲಿ ಹಿಡಿದಂತೆ ಹಿಡಿದುಕೊಳ್ಳುತ್ತದೆ, ಉಬ್ಬರ ಬಂದರೆ ಉಪ್ಪುನೀರೂ ಏರುತ್ತದೆ.

ಗಾಡಿಯ ಮೂತಿ ಹೊರದಾರಿಗೆ ಇರಲಿ, ರಾತ್ರಿ ಎದ್ದು ಹೊರಡಬೇಕಾದರೆ ಹಿಂದೆ ತೆಗೆಯುವ ಕೆಲಸವಿರಬಾರದು. ಮಧ್ಯಾಹ್ನದಿಂದ ಸಂಜೆವರೆಗೆ ಗಾಳಿ ಕಡಲಿನಿಂದ ಬೀಸುತ್ತದೆ, ರಾತ್ರಿ ಸರಿದಂತೆ ನೆಲದಿಂದ ಕಡಲಿಗೆ ತಿರುಗುತ್ತದೆ. ಒಂದು ಕಿಟಕಿ ಪಶ್ಚಿಮಕ್ಕೆ, ಇನ್ನೊಂದು ಪೂರ್ವಕ್ಕೆ ಬರುವಂತೆ ನಿಲ್ಲಿಸಿದರೆ ಫ್ಯಾನಿನ ಕೆಲಸ ಅರ್ಧ ಇಳಿಯುತ್ತದೆ. ನೆಲ ಸಮವಿಲ್ಲದಿದ್ದರೆ ಎರಡಿಂಚು ದಪ್ಪದ, ಮೂರಡಿ ಉದ್ದದ ಗಟ್ಟಿ ಹಲಗೆಗಳ ಮೇಲೆ ಗಾಲಿ ಹತ್ತಿಸಿ, ಆಮೇಲೆ ಹ್ಯಾಂಡ್‌ಬ್ರೇಕ್, ಗೇರು, ಕಲ್ಲು ಮೂರೂ ಹಾಕಿ. ಅಡಿಗೆ ಕಟ್ಟೆಯ ಮೇಲೆ ಗೌಂಡಿಗಳ ಲೆವೆಲ್ ಪಟ್ಟಿ ಇಟ್ಟು ನೋಡಿದರೆ ಸಾಕು.

ಸಂಜೆ ಐದೂವರೆಗೇ ಸೊಳ್ಳೆ ಜಾಳಿಗೆ ಮುಚ್ಚಿ. ನಿದ್ದೆ ಹೋಗುವಾಗ ಮೇಲಿನ ಕಿಂಡಿ ಎರಡಿಂಚು ತೆರೆದಿರಲಿ. ನಾಲ್ಕು ಜನರ ಉಸಿರಿನ ತೇವ ಮುಚ್ಚಿದ ಗಾಡಿಯಲ್ಲಿ ಗಾಜಿನ ಮೇಲೆ ಇಳಿದು, ಗಾದಿಯ ತಳದಲ್ಲಿ ನಿಂತು, ವಾರದಲ್ಲಿ ಬೂಷ್ಟಾಗುತ್ತದೆ. ಗಾದಿಯ ಕೆಳಗೆ ಪ್ಲೈವುಡ್ಡಿನ ಬದಲು ಸಂದುಬಿಟ್ಟ ಪಟ್ಟಿಗಳಿರಬೇಕು, ದಿನವೂ ಬೆಳಗ್ಗೆ ಗಾದಿ ಎತ್ತಿ ನಿಲ್ಲಿಸಬೇಕು.

ಹೊಲಸಿನ ವಿಲೇವಾರಿಯಲ್ಲಿ ನಾಚಿಕೆ ಬೇಡ, ಮೊದಲೇ ಮಾತಾಡಿಕೊಳ್ಳಿ. ಗಾಡಿಯ ಶೌಚದ ಡಬ್ಬಿ 20 ಲೀಟರಿನದು, ನಾಲ್ಕು ಜನಕ್ಕೆ ಎರಡು ದಿನಕ್ಕೆ ತುಂಬುತ್ತದೆ. ಅದನ್ನು ಸೆಪ್ಟಿಕ್ ಟ್ಯಾಂಕಿರುವ ಶೌಚಾಲಯಕ್ಕೆ ಮಾತ್ರ ಸುರಿಯಿರಿ. ಫಾರ್ಮಲಿನ್ ಇರುವ ದ್ರಾವಣ ಹಾಕಿದ್ದರೆ ಆ ಮನೆಯ ಟ್ಯಾಂಕಿನ ಬ್ಯಾಕ್ಟೀರಿಯಾ ಸತ್ತು ನಾತ ಹೊಡೆಯುತ್ತದೆ, ಕಿಣ್ವದ ಪುಡಿ ಬಳಸಿ. ಪಾತ್ರೆ ತೊಳೆದ ನೀರನ್ನೂ ಡಬ್ಬಿಯಲ್ಲಿ ಹಿಡಿದು ಬಚ್ಚಲಿಗೆ ಹಾಕಿ. ಕರಾವಳಿಯಲ್ಲಿ ಬಾವಿಯ ಆಳ ಕಡಿಮೆ, ಚಿರೇಕಲ್ಲಿನಲ್ಲಿ ರಂಧ್ರ ಹೆಚ್ಚು. ನೀವು ಅಂಗಳಕ್ಕೆ ಚೆಲ್ಲಿದ್ದು ಆ ಮನೆಯವರು ಕುಡಿಯುವ ಬಾವಿಗೇ ಇಳಿಯುತ್ತದೆ.

ಗಾಡಿ ಮರಳಿಗೆ ಇಳಿಯಬಾರದು

ಕಡಲತೀರದ ಮರಳಿನ ಮೇಲೆ ಗಾಡಿ ಓಡಿಸುವುದು ತಪ್ಪು, ಸಿಕ್ಕಿಬೀಳುವುದೂ ಖಚಿತ. ಆದರೆ ಪಾರ್ಕಿಂಗಿನ ಅಂಚಿನಲ್ಲೂ ಮರಳು ಹರಡಿರುತ್ತದೆ, ಅಲ್ಲಿಯೂ ಹೂಳುತ್ತದೆ. ಗಾಲಿ ತಿರುಗಿದಲ್ಲೇ ತಿರುಗಿದರೆ ಆಕ್ಸಿಲರೇಟರ್ ತಕ್ಷಣ ಬಿಡಿ. ಪ್ರತಿ ಸುತ್ತಿಗೂ ಗುಂಡಿ ಆಳವಾಗುತ್ತದೆ. ಜನರನ್ನು ಇಳಿಸಿ, ಗಾಲಿಯ ಮುಂದಿನ ಮರಳು ತೋಡಿ, ಗಾಳಿಯನ್ನು ಅರ್ಧಕ್ಕೆ ಇಳಿಸಿ, ಅದೇ ಹಲಗೆಗಳನ್ನು ಕೊಟ್ಟು, ಬಂದ ದಾರಿಯಲ್ಲೇ ಹಿಂದಕ್ಕೆ ಮೆಲ್ಲಗೆ ತೆಗೆಯಿರಿ. ಗಟ್ಟಿ ನೆಲ ಸಿಕ್ಕ ಕೂಡಲೇ 12 ವೋಲ್ಟಿನ ಪಂಪಿನಿಂದ ಗಾಳಿ ತುಂಬಿ. ಗಾಳಿ ಕಡಿಮೆಯಿಟ್ಟು ಹೆದ್ದಾರಿಗೆ ಹತ್ತಿದರೆ ಟಯರು ಕಾದು ಒಡೆಯುತ್ತದೆ.

ಗಾಡಿಯನ್ನು ದೂರ ಇಡಲು ಇನ್ನೊಂದು ಕಾರಣವಿದೆ. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಉತ್ತರ ಕನ್ನಡದ ದಂಡೆಗೆ ರಾತ್ರಿ ಬಂದು ಮೊಟ್ಟೆಯಿಡುತ್ತವೆ. ಹೊನ್ನಾವರದ ಕಾಸರಕೋಡು ಟೊಂಕಾ ಅಂಥ ಜಾಗ. ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ, ಮರಿಯಾಗಲು 45ರಿಂದ 60 ದಿನ. ಅಷ್ಟು ದಿನವೂ ಗೂಡು ಮರಳಿನ ಕೆಳಗೆ ಕಾಣದೆ ಇರುತ್ತದೆ, ಗಾಲಿ ಹತ್ತಿದರೆ ಮುಗಿಯಿತು. ಮರಿಗಳು ಬೆಳಕು ಹೆಚ್ಚಿರುವ ದಿಕ್ಕಿಗೆ ನಡೆಯುತ್ತವೆ. ಕತ್ತಲಲ್ಲಿ ಹೊಳೆಯುವುದು ಕಡಲೊಂದೇ ಆಗಿರಬೇಕು. ನಿಮ್ಮ ಗಾಡಿಯ ಹೊರದೀಪ ಬಿಳಿಯಾಗಿ ಉರಿಯುತ್ತಿದ್ದರೆ ಅವು ರಸ್ತೆಗೆ ಬರುತ್ತವೆ, ಏಡಿ, ನಾಯಿ, ಬಿಸಿಲಿಗೆ ಸಿಕ್ಕು ಸಾಯುತ್ತವೆ. ದಂಡೆ ಕಾಣುವ ಜಾಗದಲ್ಲಿ ಹೊರದೀಪ ಆರಿಸಿ, ಟಾರ್ಚಿಗೆ ಕೆಂಪು ಹಾಳೆ ಕಟ್ಟಿ. ಆಮೆ ಕಂಡರೆ ದೂರ ನಿಲ್ಲಿ, ಫ್ಲ್ಯಾಶ್ ಬೇಡ, ಮರಿಯನ್ನು ಎತ್ತಿ ನೀರಿಗೆ ಬಿಡುವ ಪುಣ್ಯವೂ ಬೇಡ. ಅರಣ್ಯ ಇಲಾಖೆಗೆ ತಿಳಿಸಿ, ಅವರು ಗೂಡಿಗೆ ಬೇಲಿ ಹಾಕುತ್ತಾರೆ. ಮಕ್ಕಳು ಆಡಿ ತೋಡಿದ ಗುಂಡಿಯನ್ನು ಮುಚ್ಚಿಯೇ ಎದ್ದುಬನ್ನಿ.

ಅಳಿವೆಯ ಹೊತ್ತು

ಈ ಪ್ರವಾಸದಲ್ಲಿ ಒಂದೇ ಒಂದು ಜಾಗಕ್ಕೆ ಎರಡು ದಿನ ಕೊಡುವುದಾದರೆ ಅಘನಾಶಿನಿಯ ಅಳಿವೆಗೆ ಕೊಡಿ. ಈ ನದಿಗೆ ಎಲ್ಲೂ ಅಣೆಕಟ್ಟಿಲ್ಲ, ಸಿಹಿನೀರು ಉಪ್ಪುನೀರು ಸಹಜವಾಗಿ ಬೆರೆಯುತ್ತವೆ. 2024ರ ಜನವರಿಯಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, ಜತೆಗೇ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಸೇರಿತು. ಚಳಿಗಾಲದಲ್ಲಿ ಮಾಗಡಿಯಲ್ಲಿ ಪಟ್ಟೆತಲೆ ಹೆಬ್ಬಾತು ನೋಡಿದವರು ಅದೇ ತಿಂಗಳಲ್ಲಿ ಇಲ್ಲಿ ಕೆಸರು ಕೆದಕುವ ಉದ್ದಕೊಕ್ಕಿನ ವಲಸೆ ಹಕ್ಕಿಗಳನ್ನು ನೋಡಬಹುದು.

ಇಲ್ಲಿ ಗಡಿಯಾರಕ್ಕಿಂತ ಉಬ್ಬರ-ಇಳಿತದ ಪಟ್ಟಿ ಮುಖ್ಯ. ಒಂದು ಉಬ್ಬರದಿಂದ ಇಳಿತಕ್ಕೆ ಆರು ತಾಸಿನ ಮೇಲೆ ಸ್ವಲ್ಪ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಕಾರವಾರ ಬಂದರಿನ ವೇಳೆಯನ್ನು ಹಿಡಿದು ಲೆಕ್ಕ ಹಾಕಿ. ಹಕ್ಕಿ ನೋಡಲು ಇಳಿತಕ್ಕೆ ಎರಡು ತಾಸು ಮೊದಲು ಹೋಗಿ ಕೂತರೆ ಕೆಸರು ಬಯಲಾಗುತ್ತ ಬಂದಂತೆ ಅವು ಹತ್ತಿರ ಇಳಿಯುತ್ತವೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ದೋಣಿ ಹೋಗಬೇಕಾದರೆ ಉಬ್ಬರ ಬೇಕು, ಬೇರಿನ ನಡುವಿನ ಏಡಿ ಮತ್ತು ಕೆಸರಿನ ಮೇಲೆ ಕುಪ್ಪಳಿಸುವ ಮೀನು ಕಾಣಬೇಕಾದರೆ ಇಳಿತ ಬೇಕು. ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ ಕಾಂಡ್ಲಾದೊಳಗೆ ಮರದ ಕಾಲುದಾರಿ ಇದೆ, ವಯಸ್ಸಾದವರಿಗೂ ಸುಲಭ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಅತಿ ಹೆಚ್ಚು ಏರಿಳಿಯುತ್ತದೆ. ಆ ದಿನಗಳಲ್ಲಿ ಅಳಿವೆಯ ಬದಿ ಗಾಡಿ ನಿಲ್ಲಿಸುವಾಗ ಬೇಲಿಯ ಮೇಲೆ, ಗೋಡೆಯ ಮೇಲೆ ಹಿಂದಿನ ಉಬ್ಬರದ ಗುರುತು ನೋಡಿ.

ಇಳಿತದ ಹೊತ್ತಿಗೆ ಊರವರು ನೀರಿಗಿಳಿದು ಬಳಚು (ಚಿಪ್ಪುಮೀನು) ಆರಿಸುತ್ತಾರೆ. ಅದು ಅವರ ದುಡಿಮೆ. ಕೇಳದೆ ಫೋಟೊ ತೆಗೆಯಬೇಡಿ, ಕೆಸರಿಗಿಳಿದು ಮರಿ ಚಿಪ್ಪುಗಳನ್ನು ತುಳಿಯಬೇಡಿ. ಕೊಂಡು ತಿನ್ನಿ. ಗಜನಿಯಲ್ಲಿ ಬೆಳೆಯುವ ಉಪ್ಪು ತಾಳುವ ಕಗ್ಗ ಅಕ್ಕಿ ಸಿಕ್ಕರೆ ಬಿಡಬೇಡಿ.

ಕಾಡಿನಲ್ಲಿ

ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಕೂಡಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಿಂದ ಕಾಳಿ ಎಂಬ ಹೆಸರು. ಒಳಗೆ ನಿಮ್ಮ ಗಾಡಿಗೆ ಸಾರ್ವಜನಿಕ ರಸ್ತೆಯ ಮೇಲಷ್ಟೇ ಅವಕಾಶ. ಕ್ಯಾರವಾನನ್ನು ದಾಂಡೇಲಿಯಲ್ಲಿ ಬಿಟ್ಟು, ಫಣಸೋಲಿಯ ಸಫಾರಿಗೆ ಇಲಾಖೆಯ ಜೀಪು ಹಿಡಿಯಿರಿ. ಅಲ್ಲಿ ಹುಲಿಯ ಆಸೆಗಿಂತ ಹಕ್ಕಿಯ ಆಸೆ ಇಟ್ಟುಕೊಳ್ಳುವುದು ಮೇಲು. ದಾಂಡೇಲಿಯಲ್ಲಿ ನಾಲ್ಕು ಜಾತಿಯ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳಿವೆ, ಊರ ಬದಿಯ ಕಾಳಿ ದಂಡೆಯ ಹಣ್ಣಿನ ಮರಗಳಿಗೆ ಮುಂಜಾವಿನಲ್ಲೇ ಬರುತ್ತವೆ. ಹೆಣ್ಣು ಪೊಟರೆಯೊಳಗೆ ಸೇರಿ ಬಾಯಿ ಮುಚ್ಚಿಕೊಂಡಿರುವ ಗೂಡಿನ ಕಾಲದಲ್ಲಿ ಮರದ ಕೆಳಗೆ ಹೋಗಿ ನಿಲ್ಲಬೇಡಿ. ನೀವು ಅಲ್ಲಿಂದ ಹೋಗುವ ತನಕ ಗಂಡು ಆಹಾರ ತರುವುದಿಲ್ಲ.

ಅಣಶಿ-ಜೋಯಿಡಾ ದಾರಿಯನ್ನು ಹಗಲಲ್ಲೇ ದಾಟಿ. ಮುಸ್ಸಂಜೆಗೆ ಕಾಡುಕೋಣ ರಸ್ತೆಗೆ ಬರುತ್ತದೆ, ಕಪ್ಪು ಮೈ ಡಾಂಬರಿನಲ್ಲಿ ಕಾಣುವುದೇ ಇಲ್ಲ. ಎದುರಾದರೆ ದೂರದಲ್ಲೇ ನಿಲ್ಲಿಸಿ, ದೀಪ ತಗ್ಗಿಸಿ, ಹಾರ್ನ್ ಬಾರಿಸದೆ ಕಾಯಿರಿ. ಮಂಗಗಳಿಗೆ ತಿನಿಸು ಕೊಡಬೇಡಿ. ಒಮ್ಮೆ ರುಚಿ ಕಂಡ ಗುಂಪು ಜಾಳಿಗೆ ಹರಿದು ಒಳಗೆ ಬರುತ್ತದೆ.

ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರ ಸಿದ್ದಾಪುರ, ಹೊನ್ನಾವರ ಕಡೆಯೂ ಇದೆ, ಹರಡುವುದು ಉಣುಗಿನಿಂದ. ಕಾಡಿನ ಕಾಲುದಾರಿಗೆ ತುಂಬುತೋಳು, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ಉಣುಗು ಹತ್ತಿರ ಬರದಂತೆ ಹಚ್ಚುವ ಡೆಪಾ ಎಣ್ಣೆ ಸವರಿ. ಒಣ ತರಗಿನ ಮೇಲೆ ಕೂರಬೇಡಿ. ಮರಳಿದ ಕೂಡಲೇ, ಗಾಡಿಗೆ ಹತ್ತುವ ಮೊದಲೇ ಬಟ್ಟೆ ಬದಲಿಸಿ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ, ಬಿಸಿನೀರಿನ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿ. ಇಲ್ಲದಿದ್ದರೆ ಉಣುಗು ಗಾದಿಗೆ ಬರುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ಹೇಳಿ. ಊರಿಗೆ ಬಂದು ಒಂದು ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಲೇಬೇಕು. ಹುಬ್ಬಳ್ಳಿಯಲ್ಲಿ ಕೂತ ವೈದ್ಯರಿಗೆ ಅದು ತಾನಾಗಿ ಹೊಳೆಯುವಂಥದಲ್ಲ.

ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ. ಕಚ್ಚಿದ ಭಾಗ ಅಲುಗದಂತೆ ಇಟ್ಟು 108ಕ್ಕೆ ಕರೆದು ತಾಲೂಕು ಆಸ್ಪತ್ರೆಗೆ ಹೋಗಿ.

ಕಡಲಿಗೆ ಇಳಿಯುವವರು ಕಾವಲುಗಾರ ಇರುವ ದಂಡೆಯಲ್ಲೇ, ಸೊಂಟದ ನೀರಿನೊಳಗೇ ಇರಿ. ಕೆರೆಯಲ್ಲಿ ಈಜು ಬಂದವರಿಗೆ ಕಡಲ ಸೆಳೆತದ ಅಂದಾಜು ಇರುವುದಿಲ್ಲ. ಅಲೆಗಳ ಸಾಲು ನಡುವೆ ಮುರಿದು ಶಾಂತವಾಗಿ ಕಾಣುವ ಪಟ್ಟಿಯೇ ಸೆಳೆತದ ಜಾಗ. ಎಳೆದೊಯ್ದರೆ ದಂಡೆಗೆ ಎದುರಾಗಿ ಈಜದೆ ದಂಡೆಗೆ ಸಮಾನಾಂತರವಾಗಿ ಈಜಿ, ಸೆಳೆತ ಬಿಟ್ಟ ಮೇಲೆ ತಿರುಗಿ. ತೊರಕೆ ಮೀನಿನ ಮುಳ್ಳು ಚುಚ್ಚಿದರೆ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಕಾಲು ಮುಳುಗಿಸಿ, ಅದರ ವಿಷ ಶಾಖಕ್ಕೆ ಕುಂದುತ್ತದೆ, ಆಮೇಲೆ ಆಸ್ಪತ್ರೆ.

ಊರಿಗೆ ಮರಳಿದ ಮೇಲೆ

ಎರಡು ದಿನದೊಳಗೆ ಗಾಡಿಯ ತಳ, ಗಾಲಿಯ ಗೂಡು, ಬಾಗಿಲ ಕೀಲು, ಎಸಿಯ ಹೊರಜಾಲರಿ ಎಲ್ಲವನ್ನೂ ಸಿಹಿನೀರಿನಿಂದ ತೊಳೆಸಿ. ಮೇಲ್ಮೈ ಮಾತ್ರ ತೊಳೆದರೆ ಉಪಯೋಗವಿಲ್ಲ, ತುಕ್ಕು ಶುರುವಾಗುವುದು ಚಾಸಿಯ ಬೆಸುಗೆಯಲ್ಲಿ. ಉಪ್ಪು ಗಾಳಿಯ ತೇವ ಎಳೆದುಕೊಳ್ಳುವುದರಿಂದ ಒಣ ಹವೆಯ ಧಾರವಾಡದಲ್ಲೂ ಮುಂಜಾವಿನ ಇಬ್ಬನಿಗೆ ಅದು ಕೆಲಸ ಮಾಡುತ್ತಲೇ ಇರುತ್ತದೆ. ಬ್ಯಾಟರಿಯ ಟರ್ಮಿನಲ್ ಒರೆಸಿ ಪೆಟ್ರೋಲಿಯಂ ಜೆಲ್ಲಿ ಸವರಿ. ನೀರಿನ ಟ್ಯಾಂಕು, ಪಂಪು, ಕೊಳವೆ ಪೂರ್ತಿ ಖಾಲಿ ಮಾಡಿ ನಳ ತೆರೆದಿಡಿ. ಗಾದಿ, ಪರದೆ ಒಂದು ದಿನ ಬಿಸಿಲಿಗೆ. ಫ್ರಿಜ್ಜಿನ ಬಾಗಿಲು ಮುಚ್ಚದಂತೆ ಮಡಚಿದ ಬಟ್ಟೆ ಸಿಕ್ಕಿಸಿ. ಸೀಸದ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಬಿಟ್ಟರೆ ಫಲಕದ ಮೇಲೆ ಸಲ್ಫೇಟು ಕಟ್ಟಿ ಮುಂದಿನ ಸಲ ಹಿಡಿಯುವುದಿಲ್ಲ. ಪೂರ್ತಿ ತುಂಬಿಸಿ, ಋಣ ತಂತಿ ಬಿಚ್ಚಿಟ್ಟು, ಗಾಡಿ ನಿಂತಿರುವಷ್ಟು ಕಾಲ ತಿಂಗಳಿಗೊಮ್ಮೆ ಚಾರ್ಜಿಗೆ ಹಾಕುತ್ತಿರಿ.